ಮಗಳು ಪಿಎಚ್.ಡಿ. ಮಾಡುತ್ತೇನೆಂದರೆ

ನಮ್ಮ ವಾಡಿ, ಸೇಡಂ, ಚಿತ್ತಾಪುರದ ಕಡೆ ಮಗಳು ಇಂಜಿನಿಯರಿಂಗ್ ಓದುತ್ತೇನೆಂದರೆ ಈಗ ಹೆಚ್ಚು ತಕರಾರಿಲ್ಲ. ಆದರೆ ಎಂ.ಟೆಕ್. ಮುಗಿಸಿ 'ಪಿಎಚ್.ಡಿ. ಮಾಡ್ತೀನವ್ವಾ' ಅಂದಳೋ, ಮನೆಯವರ ಮುಖ ಬಾಡುತ್ತದೆ. 'ಇನ್ನೂ ನಾಲ್ಕೈದು ವರ್ಷ? ಲಗ್ನ ಯಾವಾಗ?'

ನಮ್ಮ ನೆರೆಮನೆಯಲ್ಲೂ ಇದೇ ಮಾತು. ಹುಡುಗಿಯ ವಿಷಯ ವೈರ್‌ಲೆಸ್ ನೆಟ್‌ವರ್ಕ್. ಅವಳ ತಾಯಿ ನನ್ನನ್ನು ಕೇಳಿದರು: 'ಅಕ್ಕಾ, ಮೊಬೈಲ್ ಅಂತೂ ಮನಿಮನಿಗೆ ಬಂದದ. ಇನ್ನ ಆಕಿ ಹುಡುಕಾದು ಏನ್ ಉಳದದ?'

ಉಳಿದಿದೆ ನೋಡಿ. ಕುಬಸದ ಮನೆಯಲ್ಲಿ ಹತ್ತು ಹೆಂಗಸರು ಒಮ್ಮೆಗೇ ಮಾತಾಡಿದರೆ ಯಾರ ಮಾತೂ ಕೇಳಿಸದು. ಒಂದೇ ವೈಫೈ ಬಳಸುವ ಫೋನುಗಳ ಪಾಡೂ ಅಷ್ಟೆ. ಆದ್ದರಿಂದ ಪ್ರತಿ ಫೋನೂ ಮೊದಲು ಕಿವಿಗೊಟ್ಟು, ಕ್ಷಣ ಕಾದು, ಆಮೇಲೆ ಕಳಿಸುತ್ತದೆ. ಸಂದೇಶಗಳು ಡಿಕ್ಕಿಯಾದರೆ ಒಂದೊಂದೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಕಳಿಸಬೇಕು. ಹೀಗೆ ಕಾದು ಕಳಿಸುವ ಉಪಾಯವನ್ನು 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರು ಜೋಡಿಸುವಾಗ ಬಳಸಿದರು. ಫೋನುಗಳು ಹೆಚ್ಚಿದಂತೆ ಯಾರು ಎಷ್ಟು ಕಾಯಬೇಕು, ಬ್ಯಾಟರಿ ಹೇಗೆ ಉಳಿಸಬೇಕು ಎಂಬ ಲೆಕ್ಕ ಹೊಸದಾಗುತ್ತಲೇ ಇರುತ್ತದೆ. ಆ ಹುಡುಗಿಯ ಕೆಲಸ ಅದು.

ಹೆಣ್ಣಿಗೆ ಇದು ಹೊಸ ದಾರಿಯೇನಲ್ಲ. ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ರಾಜೇಶ್ವರಿ 1947ರಲ್ಲಿ ಸರಕಾರಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್‌ಗೆ ಹೋದರು. ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು; ಗಂಡಹೆಂಡಿರು ಕೂಡಿ ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ಇಂದಿನ ಮೊಬೈಲು, ವೈಫೈಗಳ ಅಲೆಗಳೂ ಅದೇ ಜಾತಿಯವು. 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 20 ಜನರಿಗೆ ಪಿಎಚ್.ಡಿ. ಮಾಡಿಸಿದ್ದರು. ಓದೂ ನಡೆಯಿತು, ಸಂಸಾರವೂ ನಡೆಯಿತು.

ಖರ್ಚಿನ ಚಿಂತೆಯೇ? ಅರ್ಹತಾ ಪರೀಕ್ಷೆ ಗೆದ್ದು ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತದೆ. ಆದ್ದರಿಂದ ಮಗಳನ್ನು ಕೂರಿಸಿಕೊಂಡು ಕೇಳಿ: ವೇತನ ಉಂಟೇ? ಹಾಸ್ಟೆಲ್ ಉಂಟೇ? ಮಾರ್ಗದರ್ಶಕರ ಹತ್ತಿರ ಮೊದಲು ಓದಿದವರು ಎಷ್ಟು ವರ್ಷಕ್ಕೆ ಮುಗಿಸಿದರು?

ಲಗ್ನ ಬೇಡವೆಂದು ನಾನು ಹೇಳುತ್ತಿಲ್ಲ. ನೋಡಲು ಬಂದವರಿಗೆ 'ನಮ್ಮ ಹುಡುಗಿ ಓದು ಮುಗಸ್ತಾಳ್ರೀ' ಎಂದು ಮೊದಲೇ ಹೇಳಿಬಿಡಿ. ಆ ಮಾತು ತಾಯಿಯ ಬಾಯಿಂದ ಬಂದರೆ ಅದಕ್ಕೆ ತೂಕ ಹೆಚ್ಚು.