ಗಡಿಯಾರ ಸರಿಯಾಗಿಯೇ ಇತ್ತು

ಡೊಂಬಿವಲಿಗೆ ಬಂದು 38 ವರ್ಷ. ಕಳೆದ ಮೇ ತಿಂಗಳಲ್ಲಿ ಧಾರವಾಡದ ಅಕ್ಕನಿಗೆ 80 ತುಂಬಿತು. ಮನೆಯವಳ ಕಣ್ಣಿನ ಆಪರೇಷನ್ ಆಗಿದ್ದರಿಂದ ನನಗೆ ಹೋಗಲಾಗಲಿಲ್ಲ. ವಿಡಿಯೋದಲ್ಲಾದರೂ ಸೇರಲಿ ಎಂದು ಸೋದರಳಿಯ ಕಂಪ್ಯೂಟರಿಗೆ ಕರೆ ಕಳಿಸಿದ. ತೆರೆದು ನೋಡಿದರೆ ಬೆಳಗಿನ 5.30! ಅಕ್ಕ ನಸುಕಿನಲ್ಲೇ ಏಳುವವಳು ಎಂದುಕೊಂಡು ಸ್ನಾನ ಮುಗಿಸಿ ಕುಳಿತೆ. ಯಾರೂ ಬರಲಿಲ್ಲ. ನನ್ನನ್ನು ಮರೆತರೆಂಬ ಮುನಿಸಿನಲ್ಲಿ ದಿನವಿಡೀ ನಾನೂ ಫೋನ್ ಮಾಡಲಿಲ್ಲ, ಬಂದದ್ದನ್ನೂ ಎತ್ತಲಿಲ್ಲ.

ರಾತ್ರಿ ಎತ್ತಿದಾಗ ಅಕ್ಕ ಅಂದಳು: "ಸಂಜೀ ಆರಕ್ಕ ನೀ ಬರ್ತಿ ಅಂತ ಆರತಿ ತಡದು ಕೂತಿದ್ನೆಲ್ಲೋ ತಮ್ಮಾ."

ಲ್ಯಾಪ್‌ಟಾಪ್ ಕ್ಯಾಲಿಫೋರ್ನಿಯಾದ ಮಗ ಕೊಟ್ಟದ್ದು. ಗೋಡೆ ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ ಅಂಕಿ ಬದಲಿಸಿ ನಮ್ಮ ವೇಳೆ ಮಾಡಿಕೊಂಡಿದ್ದೆ. ಟೈಮ್ ಝೋನ್ ಮಾತ್ರ ಅಲ್ಲಿಯದೇ ಉಳಿದಿತ್ತು. ಕ್ಯಾಲೆಂಡರ್ ತಂತ್ರಾಂಶ ಲೆಕ್ಕ ಹಾಕುವುದು ಝೋನ್ ನೋಡಿ. ನಮ್ಮ ಸಂಜೆ 6 ಎಂದರೆ ಮೇ ತಿಂಗಳಲ್ಲಿ ಅಲ್ಲಿ ಬೆಳಗಿನ 5.30. ಬ್ಯಾಂಕಿನಲ್ಲಿ ತಪ್ಪು ಎಂಟ್ರಿ ಹುಡುಕದೆ ಮೊತ್ತವನ್ನಷ್ಟೇ ತಿದ್ದಿದವರನ್ನು ಬೈಯುತ್ತಿದ್ದವನು ನಾನೇ! ಮೊದಲು ಝೋನನ್ನು "ಚೆನ್ನೈ, ಕೋಲ್ಕತ್ತಾ, ಮುಂಬಯಿ, ನವದೆಹಲಿ"ಗೆ ಬದಲಿಸಿ, ಆಮೇಲೆ ವೇಳೆಯನ್ನು ಅಂತರ್ಜಾಲದಿಂದ ತಾನೇ ಪಡೆಯುವಂತೆ ಬಿಟ್ಟೆ. ಎರಡು ನಿಮಿಷದ ಕೆಲಸ.

1906ರಲ್ಲಿ ಭಾರತೀಯ ವೇಳೆ ಬಂದರೂ, 39 ನಿಮಿಷ ಹಿಂದಿನ ತನ್ನ ಹಳೆಯ ವೇಳೆಯನ್ನು ಮುಂಬಯಿ 1955ರವರೆಗೂ ಪೂರ್ತಿ ಬಿಟ್ಟಿರಲಿಲ್ಲವಂತೆ. ನನ್ನ ಹಠ ಒಂದೇ ದಿನದ್ದು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಅಕ್ಕನಿಗೆ 80 ಮತ್ತೆ ತುಂಬುವುದಿಲ್ಲ.