ಬಿಸಿಲಿಗೆ ಬೆನ್ನು ಹಾಕಿದ ಕಿಟಕಿ

ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ಬೇಕೆನ್ನುವವರು ಬಹಳ. ಯಾವ ಬದಿಯ ಕಿಟಕಿ ಎಂದು ಯೋಚಿಸುವವರು ಕಡಿಮೆ. ಎಡಗಡೆಯ 'ಎ' ಸೀಟೋ ಬಲಗಡೆಯ 'ಎಫ್' ಸೀಟೋ ಎಂಬುದನ್ನು ನಾನು ಹೋಗುವ ದಿಕ್ಕು, ತಿಂಗಳು, ಹೊತ್ತು ನೋಡಿಯೇ ತೀರ್ಮಾನಿಸುತ್ತೇನೆ.

ಬೆಂಗಳೂರಿನಿಂದ ಮಂಗಳೂರಿನ ದಾರಿಯನ್ನೇ ತೆಗೆದುಕೊಳ್ಳಿ. ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಪಯಣ. ದೀಪಾವಳಿ ಕಳೆದ ಮೇಲೆ ಆಕಾಶ ತಿಳಿಯಾಗಿರುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಡಗಡೆ ಕೂತವರ ಕಣ್ಣಿಗೆ ಬಿಸಿಲು ಕುಕ್ಕುತ್ತದೆ, ದೂರದ ಬೆಟ್ಟವೆಲ್ಲ ಮಬ್ಬಿನಲ್ಲಿ ಕರಗಿಹೋಗುತ್ತದೆ. ಬಲಗಡೆ ಕೂತವರಿಗೆ ಅದೇ ಬಿಸಿಲು ಬೆನ್ನ ಹಿಂದಿನಿಂದ ಬಂದು ಕುದುರೆಮುಖದ ಕಡೆಯ ಬೆಟ್ಟಗಳ ಮೇಲೆ ಬೀಳುತ್ತದೆ. ನೆತ್ತಿಯಲ್ಲಿ ಹೊಂಬಣ್ಣದ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಕಪ್ಪುಹಸಿರಿನ ಶೋಲಾ ಕಾಡು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಬಸ್ಸಿನಲ್ಲಿ ಹೋದರೆ ಒಂದೊಂದು ತಿರುವಿಗೆ ಒಂದಿಷ್ಟು ಘಟ್ಟ ಕಾಣುತ್ತದೆ. ಮೇಲಿನಿಂದ ಮಾತ್ರ ಅದರ ಪೂರ್ತಿ ಆಕಾರ ತಿಳಿಯುತ್ತದೆ: ಮೂಡಣದಲ್ಲಿ ಕಾಫಿ ತೋಟಗಳ ಏರಿಳಿತ, ಪಡುವಣದಲ್ಲಿ ಒಮ್ಮೆಗೇ ಕಡಿದಾದ ಇಳುಕಲು.

ಮೋಡವಿದ್ದರೆ ಏನೂ ಕಾಣದು ಎಂದು ಬೇಸರಪಡಬೇಕಿಲ್ಲ. ಬೆಳಗ್ಗೆ ದೆಹಲಿಗೆ ಹೋಗುವ ವಿಮಾನದಲ್ಲಿ ಎಡಗಡೆ ಕೂತು ಕೆಳಗಿನ ಮೋಡವನ್ನು ಗಮನಿಸಿ. ವಿಮಾನದ ನೆರಳು ಅದರ ಮೇಲೆ ಓಡುತ್ತಿರುತ್ತದೆ; ನೆರಳಿನ ಸುತ್ತ ಬಣ್ಣದ ಉಂಗುರ, ಹೊರ ಅಂಚು ಕೆಂಪು. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುವುದರಿಂದ ಆಗುವ ಚೋದ್ಯವಿದು. ಆ ಉಂಗುರದ ನಡುಬಿಂದು ನೋಡುವವರ ತಲೆಯ ನೆರಳು ಬೀಳಬೇಕಾದ ಜಾಗದಲ್ಲೇ ಇರುತ್ತದೆ. ಮುಂದಿನ ಸಾಲಿನವರಿಗೆ ವಿಮಾನದ ಮೂತಿಯ ಸುತ್ತ, ಹಿಂದಿನ ಸಾಲಿನವರಿಗೆ ಬಾಲದ ಸುತ್ತ. ಪ್ರತಿಯೊಬ್ಬರಿಗೂ ಅವರದೇ ಉಂಗುರ. 1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಶಿಖರದಲ್ಲಿ ಇಂಥ ಉಂಗುರ ಕಂಡ ಸಿ.ಟಿ.ಆರ್. ವಿಲ್ಸನ್, ಗಾಜಿನ ಪಾತ್ರೆಯಲ್ಲೇ ಮೋಡ ಮಾಡಲು ಹೊರಟರು. ಆ ಮೋಡದ ಕೋಣೆಯೇ ಮುಂದೆ ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸಿತು. 1927ರಲ್ಲಿ ಅವರಿಗೆ ನೊಬೆಲ್ ಬಂತು.

ಕೆರೆ ನೋಡಬೇಕಿದ್ದರೆ ಮಾತ್ರ ಬಿಸಿಲಿನ ಬದಿಯೇ ಸರಿ. ಚಳಿಗಾಲದ ಬೆಳಗ್ಗೆ ಚೆನ್ನೈ ಕಡೆಯಿಂದ ಬರುವಾಗ ಎಡಗಡೆ ಕೂತರೆ ಕೋಲಾರ ಸೀಮೆಯ ಕೆರೆಗಳು ಒಂದಾದ ಮೇಲೊಂದು ಫಳಕ್ಕನೆ ಹೊಳೆದು ಆರುತ್ತವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವಂತೆ ಕಟ್ಟಿದ ಹಿರಿಯರ ಜಾಣ್ಮೆ ಆಗ ಅರ್ಥವಾಗುತ್ತದೆ.

ದೇವನಹಳ್ಳಿಯಲ್ಲಿ ಗಾಳಿಯ ಲೆಕ್ಕವೂ ಇದೆ. ನಂದಿಬೆಟ್ಟ ನಿಲ್ದಾಣದ ಉತ್ತರಕ್ಕಿದೆ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ. ಮುಂಗಾರಿನಲ್ಲಿ ಸಾಮಾನ್ಯವಾಗಿ ಪಶ್ಚಿಮಕ್ಕೆ ಏರುವುದರಿಂದ ನಂದಿ ಬಲಕ್ಕೆ. ಚಳಿಗಾಲದಲ್ಲಿ ಪೂರ್ವಕ್ಕೆ ಏರಿದರೆ ಎಡಕ್ಕೆ.

ಇನ್ನು ಸಾಲಿನ ವಿಚಾರ. ಜೆಟ್ ವಿಮಾನಗಳಲ್ಲಿ ರೆಕ್ಕೆಗಿಂತ ಮುಂದಿನ ಸಾಲುಗಳೇ ಮೇಲು. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿಗಾಳಿಗೆ ನೋಟ ಅಲುಗಾಡುತ್ತದೆ. ಸಣ್ಣ ಊರುಗಳಿಗೆ ಹೋಗುವ ಎಟಿಆರ್ ವಿಮಾನವೆಂದರೆ ನನಗೆ ಇನ್ನಷ್ಟು ಪ್ರೀತಿ. ಅದರ ರೆಕ್ಕೆ ಕಿಟಕಿಯ ಮೇಲಿರುತ್ತದೆ, ಹಾರುವ ಎತ್ತರವೂ ಕಡಿಮೆ. ಕೆಳಗಿನ ಗದ್ದೆಯ ಬದುಗಳೂ ಕಾಣುತ್ತವೆ.

ಹಿಮಾಲಯಕ್ಕೆ ಲೆಕ್ಕ ಸುಲಭ. ದೆಹಲಿಯಿಂದ ಬಾಗ್ಡೋಗ್ರಾ, ಗುವಾಹಟಿಗೆ ಹೋಗುವಾಗ ಎಡಗಡೆ, ಬರುವಾಗ ಬಲಗಡೆ. ತಿಳಿಯಾದ ದಿನ 8,586 ಮೀಟರಿನ ಕಾಂಚನಜುಂಗಾ ಮೋಡದ ಮೇಲೆದ್ದು ನಿಂತಿರುತ್ತದೆ.

ಹಣ ಸ್ವಲ್ಪ ಉಳಿಯುತ್ತದೆಂದು ರಾತ್ರಿಯ ವಿಮಾನ ಹಿಡಿಯಬೇಡಿ. ಹಗಲಿನ ಟಿಕೆಟ್ ಕೊಳ್ಳಿ, ವೆಬ್ ಚೆಕ್-ಇನ್ ತೆರೆದ ಕೂಡಲೇ ಸರಿಯಾದ ಬದಿ ಆರಿಸಿಕೊಳ್ಳಿ, ಕಿಟಕಿಯ ಪರದೆ ಎಳೆಯಬೇಡಿ. ಜೊತೆಗೆ ಮಕ್ಕಳಿದ್ದರೆ ಆ ಸೀಟು ಅವರಿಗೇ ಕೊಡಿ.