ಡ್ರಾಯಿಂಗ್ಸ್ ಖಾತೆ

ಪ್ರಥಮ ಪಿಯುಸಿಯಲ್ಲಿ ನಮ್ಮ ಲೆಕ್ಕಶಾಸ್ತ್ರದ ಮೇಡಂ ಬೋರ್ಡಿನ ಮೇಲೆ 'ಡ್ರಾಯಿಂಗ್ಸ್' ಎಂದು ಬರೆದಾಗ ನನಗೆ ನಗು ಬಂದಿತ್ತು. ಮಾಲೀಕ ತನ್ನ ಮನೆಖರ್ಚಿಗೆ ವ್ಯಾಪಾರದಿಂದ ತೆಗೆದುಕೊಳ್ಳುವ ಹಣಕ್ಕೆ ಆ ಹೆಸರು. ನನಗೆ ನೆನಪಾದದ್ದು ಭದ್ರಾವತಿಯ ನನ್ನ ಖಾಲಾನ ಮಗ, ಭಾಯ್‌ಜಾನ್. ಅವರು ಚಿತ್ರಕಲಾವಿದರು. ಅವರ ಬದುಕೆಲ್ಲಾ ಡ್ರಾಯಿಂಗ್ಸೇ! ಆದರೆ ಕಳೆದ ಬೇಸಿಗೆ ರಜೆಯಲ್ಲಿ ಅವರ ಲೆಕ್ಕದ ಪುಸ್ತಕ ನೋಡಿದ ಮೇಲೆ ಆ ನಗು ಹೋಯಿತು.

ಶಿವಮೊಗ್ಗದಿಂದ ಭದ್ರಾವತಿ ದೂರವೇನಿಲ್ಲ. 1923ರಲ್ಲಿ ಕಬ್ಬಿಣ ತಯಾರಿಕೆ ಶುರುವಾದ ಊರು ಅದು; 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಊರು. ಕಾರ್ಖಾನೆಗಳು ಜೋರಾಗಿದ್ದಾಗ ಅಂಗಡಿಗಳೂ ಜೋರಾಗಿದ್ದವು. ಆ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರಲ್ಲಿ ನನ್ನ ಖಾಲೂ ಒಬ್ಬರು. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಅಳತೆಪಟ್ಟಿ ಇಲ್ಲದೆ ನೇರವಾಗಿ ಬರೆಯುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಅವರು ಎರಡು ದಿನ ಬರೆಯುವ ಬೋರ್ಡನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ಮುದ್ರಿಸಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಫ್ಲೆಕ್ಸ್ ಕೂಡ ಇತ್ತು. ಖಾಲೂ ಖುಷಿಯಿಂದ ಹಳೆಯ ಬ್ರಷ್‌ಗಳನ್ನು ತೊಳೆದಿಟ್ಟರಂತೆ. ಫ್ಲೆಕ್ಸ್ ಹೋಗಲಿಲ್ಲ. ಬ್ರಷ್‌ಗಳು ಇನ್ನೂ ಡಬ್ಬಿಯಲ್ಲೇ ಇವೆ.

ಭಾಯ್‌ಜಾನ್ ಮೈಸೂರಿನ ಕಾವಾ ಕಾಲೇಜಿನಲ್ಲಿ ಓದಿ ಬಂದವರು. ಈಗ ಚಿತ್ರ ಫ್ರೇಮಿನಿಂದ ಹೊರಗೆ ಬಂದಿದೆ ಎಂದು ಅವರು ಹೇಳುತ್ತಾರೆ. ದೆಹಲಿಯ ಲೋಧಿ ಕಾಲೊನಿಯಲ್ಲಿ ಮನೆಗಳ ಇಡೀ ಗೋಡೆಯೇ ಒಂದೊಂದು ಚಿತ್ರ. ಕೊಚ್ಚಿಯಲ್ಲಿ 2012ರಿಂದ ನಡೆಯುವ ಬಿನಾಲೆಯಲ್ಲಿ ಹಳೆಯ ಗೋದಾಮುಗಳೇ ಕಲಾ ಗ್ಯಾಲರಿಗಳು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ಅಲ್ಲಿ ಕಲಾವಿದರು ರಸ್ತೆಯ ಬದಿಯಲ್ಲಿ ನಿಂತು ನೇರವಾಗಿ ಗಿರಾಕಿಗೆ ಮಾರುತ್ತಾರೆ. ಭಾಯ್‌ಜಾನ್ ಒಂದು ವರ್ಷ ಹೋಗಿ ಮೂರು ಚಿತ್ರ ಮಾರಿ ಬಂದರು. ಉಳಿದ ಹನ್ನೊಂದು ತಿಂಗಳು? ಶಾಲೆಯ ಗೋಡೆ, ಹೋಟೆಲ್ ಗೋಡೆ, ಜೋಗ ಜಲಪಾತ, ಸಕ್ರೆಬೈಲಿನ ಆನೆ. ರಾತ್ರಿ ಹೊತ್ತು ಟ್ಯಾಬಿನಲ್ಲಿ ಯಾರದ್ದೋ ಪೋಸ್ಟರ್. ಈಗ ಅದನ್ನೂ ಮೊಬೈಲಿನಲ್ಲಿ ಎಐ ಬರೆದುಕೊಡುತ್ತದೆ.

ರಜೆಯಲ್ಲಿ ನಾನು ಹೋದಾಗ ಅವರು ಶಿವಮೊಗ್ಗದ ಒಂದು ಖಾಸಗಿ ಸಂಸ್ಥೆಯ ಗೋಡೆ ಮುಗಿಸಿದ್ದರು. "ನೀನು ಕಾಮರ್ಸ್ ಅಲ್ವಾ, ಇದನ್ನು ನೋಡು" ಎಂದು ಒಂದು ನೋಟ್‌ಬುಕ್ ಕೊಟ್ಟರು. 200 ಚದರ ಅಡಿ ಗೋಡೆ, ಚದರ ಅಡಿಗೆ 60 ರೂಪಾಯಿ, ಒಟ್ಟು 12,000. ಪ್ರೈಮರ್ ಮತ್ತು ಬಣ್ಣಕ್ಕೆ 4,200. ಬ್ರಷ್, ರೋಲರ್, ಟೇಪಿಗೆ 650. ಏಣಿ, ಹಲಗೆ ಬಾಡಿಗೆ 1,350. ಸಹಾಯಕ್ಕೆ ಬಂದ ಹುಡುಗನಿಗೆ ದಿನಕ್ಕೆ 700ರಂತೆ ನಾಲ್ಕು ದಿನಕ್ಕೆ 2,800. ಪೆಟ್ರೋಲ್ 540. ಖರ್ಚು 9,540 ಆಯಿತು. ಉಳಿದದ್ದು 2,460.

"ನೀವು ಎಷ್ಟು ದಿನ ಕೆಲಸ ಮಾಡಿದ್ರಿ?" ಎಂದು ಕೇಳಿದೆ. "ಒಂಬತ್ತು" ಎಂದರು. ಭಾಗಿಸಿದೆ. ದಿನಕ್ಕೆ 273 ರೂಪಾಯಿ. ಬಣ್ಣ ಕಲಸಿಕೊಟ್ಟ ಹುಡುಗನಿಗೆ 700, ಚಿತ್ರ ಬರೆದವರಿಗೆ 273! ಅದಕ್ಕೂ ಮೊದಲು ಮೂರು ರಾತ್ರಿ ಕೂತು ಸ್ಕೆಚ್ ಮಾಡಿದ್ದು ಲೆಕ್ಕದಲ್ಲೇ ಇರಲಿಲ್ಲ. ಒಬ್ಬನೇ ಮಾಲೀಕನಿದ್ದರೆ ಅವನ ಸಂಬಳ ಖರ್ಚಿನಲ್ಲಿ ಬರುವುದಿಲ್ಲ, ಲಾಭವೇ ಅವನ ಸಂಬಳ ಎಂದು ಮೇಡಂ ಹೇಳಿದ್ದರು. ಆ ಲಾಭ ಎಷ್ಟಿರಬೇಕೆಂದು ದರ ಹೇಳುವ ಮೊದಲೇ ಯೋಚಿಸದಿದ್ದರೆ ಏನಾಗುತ್ತದೆ ಎಂಬುದು ಆ ನೋಟ್‌ಬುಕ್ಕಿನಲ್ಲಿತ್ತು.

"ಜಾಸ್ತಿ ಕೇಳಿದ್ರೆ ಬೇರೆಯವರಿಗೆ ಕೊಡ್ತಾರೆ. ನಿಮಗೂ ಪ್ರಚಾರ ಸಿಗುತ್ತಲ್ಲ ಅಂತಾರೆ" ಎಂದರು ಭಾಯ್‌ಜಾನ್. ಅಲ್ಲಿಯವರೆಗೆ ಸುಮ್ಮನಿದ್ದ ಖಾಲೂ ಉರ್ದುವಿನಲ್ಲಿ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನಾನು ಕೆಲಸಗಾರ ಅಂದ್ಕೊಂಡಿದ್ದೆ, ಕೂಲಿ ಕೇಳಿ ತಗೊಂಡೆ. ನನ್ನ ಮಗ ಕಲಾವಿದ, ಕೇಳೋಕೆ ನಾಚಿಕೆ."

ದೊಡ್ಡ ಹೆಸರು ಮಾಡಿದ ಎಂ.ಎಫ್. ಹುಸೇನ್ ಕೂಡ ಶುರುವಿನಲ್ಲಿ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರು. ಕಲೆ ಮತ್ತು ಕೂಲಿ ಒಂದೇ ಕೈಯಲ್ಲಿ ಇರಬಹುದು.

ಆ ರಾತ್ರಿ ನಾವಿಬ್ಬರೂ ಹೊಸ ಕೊಟೇಷನ್ ಬರೆದೆವು. 'ಕಲಾವಿದರ ಕೆಲಸ, 9 ದಿನ, ದಿನಕ್ಕೆ 1,000' ಎಂದು ಒಂದು ಸಾಲು. 'ವಿನ್ಯಾಸ, 1,500' ಎಂದು ಇನ್ನೊಂದು. ಚದರ ಅಡಿಗೆ 100 ರೂಪಾಯಿ ಬಿತ್ತು. ಮೊದಲು ವಿಚಾರಿಸಿದವರು "ಫ್ಲೆಕ್ಸ್ ಹಾಕಿಸ್ತೀವಿ ಬಿಡಿ" ಎಂದು ಫೋನ್ ಇಟ್ಟರು. ಎರಡನೆಯವರೂ ಬರಲಿಲ್ಲ. ಎರಡು ವಾರ ಕೆಲಸವಿರಲಿಲ್ಲ. ಖಾಲಾ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೂ ಭಯವಾಯಿತು. ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ಹೋದರೆ ಅವರ ಮನೆಯ ರೇಷನ್ ಹೋಗುತ್ತದೆ.

ಮೂರನೆಯವರು ಚೌಕಾಸಿ ಮಾಡಿ 85ಕ್ಕೆ ಒಪ್ಪಿ, ಅರ್ಧ ಮುಂಗಡ ಕೊಟ್ಟರು. ಗೋಡೆ ಅಷ್ಟೇ ದೊಡ್ಡದು, ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಭಾಯ್‌ಜಾನ್‌ಗೆ ದಿನಕ್ಕೆ 800 ದಾಟಿತು. ಶ್ರೀಮಂತರಾಗುವ ಮೊತ್ತವಲ್ಲ. ಆದರೆ ಈ ಸಲ ಸಹಾಯಕನಿಗಿಂತ ಕಡಿಮೆ ಸಿಗಲಿಲ್ಲ.

ಶಿವಮೊಗ್ಗಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ನೋಡಿಕೊಂಡೆ. ಈದ್ ಹಿಂದಿನ ರಾತ್ರಿ ನಮ್ಮ ತರಗತಿಯ ಗೆಳತಿಯೊಬ್ಬಳು ಎರಡು ಗಂಟೆ ಕೂತು ಆ ಕೈಗೆ ಮೆಹಂದಿ ಹಾಕಿದ್ದಳು. ನಮ್ಮ ಮನೆಯಲ್ಲಿ ಐದು ಜನರಿಗೆ ಹಾಕಿ, ಮಧ್ಯರಾತ್ರಿ ಮನೆಗೆ ಹೋದಳು. ನಾವು ಚಹಾ ಕೊಟ್ಟೆವು, "ಎಷ್ಟು ಚೆನ್ನಾಗಿದೆ" ಎಂದು ಹೊಗಳಿದೆವು. ಕೋನಿನ ದುಡ್ಡನ್ನೂ ಕೇಳಲಿಲ್ಲ. ಗೆಳತಿಯಲ್ಲವೇ, ಅವಳಿಗೂ ಪ್ರಚಾರ ಸಿಗುತ್ತದಲ್ಲವೇ!

ಕಾಲೇಜು ತೆರೆದ ದಿನ ಅವಳಿಗೆ ಹಣ ಕೊಡಲು ಹೋದೆ. ಅವಳು ನಕ್ಕು, "ಹುಚ್ಚಿ, ಇಟ್ಕೋ" ಎಂದಳು. ನಾನು ಅವಳ ಪಕ್ಕ ಕೂತು ನೋಟ್‌ಬುಕ್ ತೆಗೆದೆ. "ಒಂದು ಕೈಗೆ ಎಷ್ಟು ಹೊತ್ತು ಬೇಕು, ಹೇಳು" ಎಂದೆ. ಮುಂದಿನ ಈದ್‌ಗೆ ಅವಳ ದರಪಟ್ಟಿ ಸಿದ್ಧವಿದೆ. ಮೊದಲ ಗಿರಾಕಿ ನಾನೇ.